ಹತ್ತು ವರ್ಷವಾದರೂ ಅದೇ ಶೇ. 35: ಹುಡುಗಿಯರು ವಿಜ್ಞಾನದ ದಾರಿ ಬಿಡುವುದು ಎಲ್ಲಿ?

ಪ್ರತಿ ವರ್ಷ ಫೆಬ್ರವರಿ 11 ಬಂತೆಂದರೆ ಒಂದೇ ಥರದ ಸುದ್ದಿಗಳು ಸಾಲುಗಟ್ಟುತ್ತವೆ. ವಿಜ್ಞಾನದಲ್ಲಿರುವ ಮಹಿಳೆಯರು ಮತ್ತು ಬಾಲಕಿಯರಿಗಾಗಿ ವಿಶ್ವಸಂಸ್ಥೆ ಗೊತ್ತುಮಾಡಿರುವ ದಿನ ಅದು. 2015ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷದಿಂದ ಆಚರಣೆ ಶುರುವಾಯಿತು. ಬಿಳಿ ಕೋಟು ತೊಟ್ಟು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟ ಹುಡುಗಿಯ ಫೋಟೊ, 'ನಿನ್ನಿಂದಲೂ ಆಗುತ್ತೆ' ಅನ್ನುವ ಸಾಲು, ಒಂದೆರಡು ಭಾಷಣ. ಅಲ್ಲಿಗೆ ಆ ವರ್ಷದ ಕೋಟಾ ಮುಗಿಯಿತು.

ಈಚಿನ ವರ್ಷಗಳ ಬೇರೆ ಸುದ್ದಿಗಳನ್ನು ಇದರ ಪಕ್ಕದಲ್ಲಿಟ್ಟು ಓದಿದವರಿಗೆ ಮಾತ್ರ ಗೊಂದಲವಾಗುತ್ತದೆ. ಜಗತ್ತಿನಾದ್ಯಂತ ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ಓದಿ ಪದವಿ ಪಡೆಯುವವರಲ್ಲಿ ಮಹಿಳೆಯರು ಶೇ. 35, ಹತ್ತು ವರ್ಷಗಳಿಂದ ಈ ಅಂಕಿ ಅಲುಗಾಡಿಲ್ಲ ಎಂದು ಯುನೆಸ್ಕೊ 2024ರಲ್ಲಿ ಹೇಳಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹೆಣ್ಣುಮಕ್ಕಳನ್ನು ತಂತ್ರಜ್ಞಾನ ಕ್ಷೇತ್ರಕ್ಕೆ ಕರೆತರುತ್ತಿದ್ದ 'ವಿಮೆನ್ ಹೂ ಕೋಡ್' ಎಂಬ ದೊಡ್ಡ ಸಂಸ್ಥೆ ಹಣವಿಲ್ಲದೆ ಬಾಗಿಲು ಹಾಕಿತು. ಜುಲೈನಲ್ಲಿ ಅಂಥದೇ 'ಗರ್ಲ್ಸ್ ಇನ್ ಟೆಕ್' ಕೂಡ ಮುಚ್ಚಿತು. 2025ರಲ್ಲಿ ಅಮೆರಿಕ ಸರ್ಕಾರ, ವಿಜ್ಞಾನಕ್ಕೆ ಎಲ್ಲ ಬಗೆಯ ಜನರನ್ನೂ ಕರೆತರುವ ಕಾರ್ಯಕ್ರಮಗಳಿಗೆ ಕೊಡುತ್ತಿದ್ದ ನೂರಾರು ಅನುದಾನಗಳನ್ನು ಮಧ್ಯದಲ್ಲೇ ನಿಲ್ಲಿಸಿತು.

ಒಂದೇ ಅಂಕಿ ಹಿಡಿದು ಎರಡು ಕಡೆಯವರೂ ವಾದ ಮಾಡುತ್ತಿದ್ದಾರೆ. 'ನೋಡಿ, ಇನ್ನೂ ಜಾಸ್ತಿ ಪ್ರೋತ್ಸಾಹ ಬೇಕು' ಅನ್ನುತ್ತಾರೆ ಒಬ್ಬರು. 'ಹತ್ತು ವರ್ಷ ಪ್ರೋತ್ಸಾಹ ಕೊಟ್ಟಿದ್ದಾಯಿತಲ್ಲ, ಅವರಿಗೇ ಬೇಡವಾದರೆ ಬಿಡಿ' ಅನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ಒಂದು ವಿಷಯವನ್ನು ಪ್ರಶ್ನಿಸದೆ ಒಪ್ಪಿಕೊಂಡುಬಿಟ್ಟಿದ್ದಾರೆ. ಕೊರತೆ ಏನಿದ್ದರೂ ಹುಡುಗಿಯರ ಉತ್ಸಾಹದಲ್ಲಿದೆ ಅಂತ. ಮೊದಲು ನೋಡಬೇಕಾದ್ದು ಅದನ್ನೇ.

## ಶೇ. 35ರ ಒಳಗೆ ಏನಿದೆ

ಸರಾಸರಿ ಅನ್ನುವುದು ಕೆಲವೊಮ್ಮೆ ಮೋಸ ಮಾಡುತ್ತದೆ. ಅಮೆರಿಕದಲ್ಲಿ ಜೀವವಿಜ್ಞಾನದ ಪದವೀಧರರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರೇ. 2019ರಿಂದ ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳಲ್ಲೂ ಅವರದೇ ಮೇಲುಗೈ. ಆದರೆ ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್, ಭೌತವಿಜ್ಞಾನಕ್ಕೆ ಬಂದರೆ ಐವರಲ್ಲಿ ಒಬ್ಬರು, ಸ್ವಲ್ಪ ಹೆಚ್ಚುಕಮ್ಮಿ ಅಷ್ಟೇ.

ಅಂದರೆ 'ಹುಡುಗಿಯರು ವಿಜ್ಞಾನದಿಂದ ದೂರ' ಅನ್ನುವ ಮಾತೇ ತಪ್ಪು. ಅಂಗರಚನೆ, ರಸಾಯನವಿಜ್ಞಾನ, ರಾತ್ರಿ ಪಾಳಿ, ಹತ್ತು ವರ್ಷದ ಓದು, ಇವೆಲ್ಲ ಸುಲಭವೇನಲ್ಲ. ಅದನ್ನೆಲ್ಲ ಮಾಡುವವರು ಕಷ್ಟಕ್ಕೆ ಹೆದರಿ ಇಂಜಿನಿಯರಿಂಗ್ ಬಿಟ್ಟರು ಅಂದರೆ ನಂಬುವುದು ಹೇಗೆ?

2015ರಲ್ಲಿ ಅಮೆರಿಕದ ಸಂಶೋಧಕರಾದ ಸಾರಾ-ಜೇನ್ ಲೆಸ್ಲಿ, ಆಂಡ್ರೆ ಸಿಂಪಿಯನ್ ಮತ್ತು ಅವರ ಜೊತೆಗಾರರು ಇದಕ್ಕೊಂದು ಸುಳಿವು ಕೊಟ್ಟರು. ಬೇರೆ ಬೇರೆ ವಿಷಯಗಳ ಪ್ರಾಧ್ಯಾಪಕರು, ಸಂಶೋಧಕರನ್ನು ಅವರು ಕೇಳಿದ್ದು ಇಷ್ಟು: ನಿಮ್ಮ ವಿಷಯದಲ್ಲಿ ಮುಂದೆ ಬರಲು ಶ್ರಮ ಸಾಕೋ, ಹುಟ್ಟಿನಿಂದ ಬಂದ ಪ್ರತಿಭೆ ಬೇಕೋ? 'ಪ್ರತಿಭೆ ಬೇಕು' ಎಂಬ ನಂಬಿಕೆ ಗಟ್ಟಿಯಾಗಿರುವ ವಿಷಯಗಳಲ್ಲೇ ಮಹಿಳೆಯರು ಕಡಿಮೆ ಇದ್ದರು. ಮಜಾ ಅಂದರೆ, ಆ ಪಟ್ಟಿಯಲ್ಲಿ ಭೌತವಿಜ್ಞಾನದ ಜೊತೆ ತತ್ವಶಾಸ್ತ್ರವೂ ಇತ್ತು. ತತ್ವಶಾಸ್ತ್ರದಲ್ಲಿ ಯಂತ್ರವೂ ಇಲ್ಲ, ಸರ್ಕ್ಯೂಟೂ ಇಲ್ಲ. ಹಾಗಾದರೆ ಗೆರೆ ಬೀಳುತ್ತಿರುವುದು ವಿಜ್ಞಾನ ಮತ್ತು ಕಲೆಯ ನಡುವೆ ಅಲ್ಲ. 'ಕಷ್ಟಪಟ್ಟರೆ ಬರುತ್ತೆ' ಅನ್ನುವ ವಿಷಯ ಮತ್ತು 'ಬಂದರೆ ಬಂತು, ಇಲ್ಲದಿದ್ದರೆ ಇಲ್ಲ' ಅನ್ನುವ ವಿಷಯದ ನಡುವೆ.

## ನಾಲ್ಕೇ ತಿಂಗಳಲ್ಲಿ ಬಿದ್ದ ಗೆರೆ

ಈ ಗೆರೆ ಯಾವಾಗ ಬೀಳುತ್ತದೆ? ಹದಿನೈದಕ್ಕೋ ಹದಿನೆಂಟಕ್ಕೋ ಅಂತ ನಾವು ಅಂದುಕೊಂಡಿರುತ್ತೇವೆ. ಕೋರ್ಸ್ ಆರಿಸಿಕೊಳ್ಳುವ ವಯಸ್ಸು ಅದೇ ಅಲ್ವಾ? ಆದರೆ 2025ರ ಜೂನ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಫ್ರಾನ್ಸಿನ ಅಧ್ಯಯನ ಬೇರೆಯದೇ ಹೇಳುತ್ತದೆ.

ಫ್ರಾನ್ಸಿನಲ್ಲಿ 2018ರಿಂದ ಒಂದನೇ ತರಗತಿಗೆ ಸೇರುವ ಎಲ್ಲ ಮಕ್ಕಳಿಗೂ ಭಾಷೆ ಮತ್ತು ಲೆಕ್ಕದ ಚಿಕ್ಕ ಪರೀಕ್ಷೆ ಇರುತ್ತದೆ. ಸೇರಿದ ಕೂಡಲೇ ಒಂದು, ನಾಲ್ಕು ತಿಂಗಳ ನಂತರ ಇನ್ನೊಂದು, ಎರಡನೇ ತರಗತಿಯ ಆರಂಭದಲ್ಲಿ ಮತ್ತೊಂದು. ಸಂಶೋಧಕರ ಕೈಯಲ್ಲಿದ್ದದ್ದು ನಾಲ್ಕು ವರ್ಷಗಳ ದಾಖಲೆ, 25 ಲಕ್ಷಕ್ಕೂ ಹೆಚ್ಚು ಮಕ್ಕಳದ್ದು. ಶಾಲೆಗೆ ಕಾಲಿಟ್ಟ ದಿನಗಳಲ್ಲಿ ಲೆಕ್ಕದಲ್ಲಿ ಹುಡುಗ, ಹುಡುಗಿಯರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಹುಡುಗರು ಕೊಂಚ ಮುಂದಿದ್ದರು. ವರ್ಷ ಮುಗಿಯುವ ಹೊತ್ತಿಗೆ ಅಂತರ ಇನ್ನೂ ಅಗಲವಾಗಿತ್ತು. ಊರು, ಶಾಲೆಯ ಬಗೆ, ಮನೆಯ ಆದಾಯ, ಯಾವುದರ ಪ್ರಕಾರ ವಿಂಗಡಿಸಿದರೂ ಇದೇ ಚಿತ್ರ.

'ಆ ವಯಸ್ಸಿನಲ್ಲಿ ಮಿದುಳು ಬೆಳೆಯುವ ರೀತಿಯೇ ಹಾಗಿರಬಹುದಲ್ಲ' ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಒಂದೇ ತರಗತಿಯಲ್ಲಿ ಜನವರಿಯಲ್ಲಿ ಹುಟ್ಟಿದ ಮಗುವೂ ಇರುತ್ತದೆ, ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಇರುತ್ತದೆ. ವಯಸ್ಸು ಕಾರಣವಾಗಿದ್ದರೆ ದೊಡ್ಡ ಮಕ್ಕಳಲ್ಲಿ ಅಂತರ ಮೊದಲು ಕಾಣಬೇಕಿತ್ತು. ಹಾಗೆ ಕಾಣಲಿಲ್ಲ. ಅಂತರ ಬೆಳೆದದ್ದು ಶಾಲೆಯಲ್ಲಿ ಕಳೆದ ದಿನಗಳ ಲೆಕ್ಕದಲ್ಲಿ. ಇನ್ನೊಂದು ಆಕಸ್ಮಿಕ ಸಾಕ್ಷಿಯೂ ಸಿಕ್ಕಿತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ವರ್ಷದ ಮಕ್ಕಳಲ್ಲಿ ಈ ಅಂತರ ಅಷ್ಟು ಬೆಳೆದಿರಲಿಲ್ಲ. ಶಾಲೆ ನಡೆಯದಿದ್ದಾಗ ಗೆರೆಯೂ ದಪ್ಪವಾಗಲಿಲ್ಲ ಅಂದರೆ, ಹುಡುಕಬೇಕಾದ ಜಾಗ ಯಾವುದು ಎಂದು ಬೇರೆ ಹೇಳಬೇಕಿಲ್ಲ.

ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಆದರೆ ಸುಳಿವುಗಳಿವೆ. 2017ರಲ್ಲಿ ಲಿನ್ ಬಿಯಾನ್ ಮತ್ತು ಸಂಗಡಿಗರು ಐದರಿಂದ ಏಳು ವರ್ಷದ ಮಕ್ಕಳಿಗೆ ತುಂಬಾ ತುಂಬಾ ಬುದ್ಧಿವಂತ ವ್ಯಕ್ತಿಯೊಬ್ಬರ ಕಥೆ ಹೇಳಿ, ಈ ಫೋಟೊಗಳಲ್ಲಿ ಅದು ಯಾರು ಹೇಳು ಅಂದರು. ಐದು ವರ್ಷದ ಹುಡುಗಿಯರು ಹೆಣ್ಣಿನ ಫೋಟೊ ತೋರಿಸಿದರು. ಹುಡುಗರು ಗಂಡಿನದು. ಅವರವರ ಪಕ್ಷ ಅವರವರಿಗೆ, ಸಹಜ. ಆರು ತುಂಬುತ್ತಿದ್ದಂತೆ ಹುಡುಗಿಯರು ತಮ್ಮ ಪಕ್ಷ ಬಿಡತೊಡಗಿದರು. ಶಾಲೆಯಲ್ಲಿ ಒಳ್ಳೆ ಮಾರ್ಕ್ಸ್ ಯಾರಿಗೆ ಬರುತ್ತೆ ಅಂತ ಕೇಳಿದರೆ ಮಾತ್ರ 'ಹುಡುಗಿಯರಿಗೆ' ಅನ್ನುತ್ತಿದ್ದರು. ಮಾರ್ಕ್ಸ್ ನಮಗೆ, ಬುದ್ಧಿ ಅವರಿಗೆ! ಬುದ್ಧಿವಂತರಿಗಾಗಿಯೇ ಇರುವ ಆಟ ಎಂದು ಹೇಳಿದರೆ ಆಡಲು ಮನಸ್ಸು ಕಡಿಮೆ. ಚೆನ್ನಾಗಿ ಪ್ರಯತ್ನಪಡುವವರಿಗಿರುವ ಆಟ ಎಂದರೆ ಹುಡುಗರಷ್ಟೇ ಉತ್ಸಾಹ. ಪ್ರಾಧ್ಯಾಪಕರ ಸಮೀಕ್ಷೆಯಲ್ಲಿ ಕಂಡದ್ದೇ ಇಲ್ಲಿ ಆರು ವರ್ಷದ ಮಕ್ಕಳಲ್ಲೂ ಕಾಣುತ್ತಿದೆ.

ಇನ್ನೊಂದು, 2010ರ ಅಮೆರಿಕದ ಅಧ್ಯಯನ. ಚಿಕ್ಕದು, 17 ಶಿಕ್ಷಕಿಯರು ಮಾತ್ರ. ಅದಕ್ಕೇ ತೀರಾ ಭಾರ ಹೇರಬಾರದು. ಆದರೂ ಕಂಡದ್ದು ಯೋಚಿಸುವಂತಿದೆ. ಲೆಕ್ಕ ಅಂದರೆ ತಮಗೇ ಭಯವಿದ್ದ ಶಿಕ್ಷಕಿಯರ ತರಗತಿಯಲ್ಲಿ, ವರ್ಷದ ಕೊನೆಗೆ 'ಹುಡುಗರಿಗೆ ಲೆಕ್ಕ, ಹುಡುಗಿಯರಿಗೆ ಓದು' ಎಂದು ನಂಬುವ ಹುಡುಗಿಯರು ಹೆಚ್ಚಿದ್ದರು, ಮತ್ತು ಹಾಗೆ ನಂಬಿದವರ ಲೆಕ್ಕದ ಅಂಕ ಇಳಿದಿತ್ತು. ಹುಡುಗರಿಗೆ ಏನೂ ಆಗಿರಲಿಲ್ಲ. ಇದರಲ್ಲಿ ಶಿಕ್ಷಕಿಯನ್ನು ದೂರಿ ಏನು ಬಂತು? ಆ ಭಯ ಆಕೆಗೂ ಇಂಥದೇ ಒಂದು ತರಗತಿಯಲ್ಲಿ ಅಂಟಿಕೊಂಡದ್ದಿರಬಹುದು.

## ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಕ್ಕಲ್ಲ, ಓದಿನಲ್ಲಿ ಮುಂದಿರುವುದಕ್ಕೆ

ಹಾಗಂತ ದೊಡ್ಡವರಾಗುವ ಹೊತ್ತಿಗೆ ಹುಡುಗಿಯರು ಗಣಿತದಲ್ಲಿ ಕೈಲಾಗದವರಾಗಿರುತ್ತಾರೆ ಅಂದುಕೊಳ್ಳಬೇಡಿ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ 2022ರ ಪಿಸಾ ಪರೀಕ್ಷೆಯಲ್ಲಿ, ಒಇಸಿಡಿ ಎಂಬ ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದ ಸರಾಸರಿ ನೋಡಿದರೆ, ಗಣಿತದಲ್ಲಿ ಹುಡುಗರು 9 ಅಂಕ ಮುಂದಿದ್ದರು. ಸರಾಸರಿಯೇ 470ರ ಆಸುಪಾಸು ಇರುವಾಗ ಇದು ಸಣ್ಣ ಅಂತರ. ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಹುಡುಗಿಯರು 24 ಅಂಕ ಮುಂದಿದ್ದರು.

ಈ ಎರಡನೇ ಅಂಕಿಯಲ್ಲೇ ಒಂದು ಗುಟ್ಟಿದೆ. ಇಬ್ಬರು ಮಕ್ಕಳು ಅಂದುಕೊಳ್ಳಿ. ಇಬ್ಬರಿಗೂ ಗಣಿತದಲ್ಲಿ 80. ಭಾಷೆಯಲ್ಲಿ ಹುಡುಗನಿಗೆ 65, ಹುಡುಗಿಗೆ 90. ಹುಡುಗ ತನ್ನನ್ನೇ ನೋಡಿಕೊಂಡು 'ನಾನು ಲೆಕ್ಕದವನು' ಅಂದುಕೊಳ್ಳುತ್ತಾನೆ. ಹುಡುಗಿ 'ನಾನು ಭಾಷೆಯವಳು' ಅಂದುಕೊಳ್ಳುತ್ತಾಳೆ. ಗಣಿತದಲ್ಲಿ ಇಬ್ಬರೂ ಒಂದೇ. ಫ್ರಾನ್ಸಿನ ಥಾಮಸ್ ಬ್ರೆಡಾ ಮತ್ತು ಕ್ಲೋಟಿಲ್ಡ್ ನ್ಯಾಪ್ 2019ರಲ್ಲಿ 64 ದೇಶಗಳ ಮೂರು ಲಕ್ಷ ವಿದ್ಯಾರ್ಥಿಗಳ ಪಿಸಾ ಮಾಹಿತಿ ಹಿಡಿದು ಇದನ್ನು ಲೆಕ್ಕ ಹಾಕಿದರು. ಗಣಿತ ಸಂಬಂಧಿ ಓದು ಆರಿಸುವ ಮನಸ್ಸಿನಲ್ಲಿ ಇರುವ ಗಂಡು–ಹೆಣ್ಣು ಅಂತರದ ಶೇ. 80ರವರೆಗಿನ ಭಾಗವನ್ನು ಈ ಒಂದು ಹೋಲಿಕೆಯೇ ವಿವರಿಸುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ.

ಇದು ನಿಜವಾದರೆ ಗಣಿತಕ್ಕೆ ಇನ್ನೊಂದು ಟ್ಯೂಷನ್ ಹಾಕಿಸುವುದರಿಂದ ದೊಡ್ಡ ಉಪಯೋಗವಿಲ್ಲ. ಹುಡುಗರಿಗೆ ಓದುವುದನ್ನು ಸರಿಯಾಗಿ ಕಲಿಸಿದರೆ ಹುಡುಗಿಯರ ಆಯ್ಕೆಯೂ ಬದಲಾಗಬಹುದು ಅನ್ನುವ ವಿಚಿತ್ರ ತೀರ್ಮಾನಕ್ಕೂ ಬರಬಹುದು! ತಮಾಷೆಯಂತೆ ಕೇಳಿಸಿದರೂ ತೀರಾ ತಳ್ಳಿಹಾಕುವಂಥದ್ದಲ್ಲ. ಜೊತೆಗೆ ಒಂದು ಮಾತು ಒಪ್ಪಿಕೊಳ್ಳಬೇಕು. ಎರಡರಲ್ಲೂ ಚುರುಕಾಗಿದ್ದು ಕಾನೂನು ಓದಲು ಹೋದ ಹುಡುಗಿಯನ್ನು ಯಾವ ವರದಿಯೂ 'ನಷ್ಟ'ದ ಪಟ್ಟಿಯಲ್ಲಿ ಬರೆಯಬಾರದು. ಅವಳ ಮುಂದೆ ದಾರಿಗಳು ಜಾಸ್ತಿ ಇದ್ದವು, ಅಷ್ಟೇ.

## 'ಅವರಿಗೇ ಇಷ್ಟವಿಲ್ಲ' ಎಂಬ ವಾದ

ಇಲ್ಲಿಂದಲೇ ಎದುರು ಪಕ್ಷದ ವಾದ ಶುರುವಾಗುವುದು. ಅದನ್ನು ಸುಮ್ನೆ ತಳ್ಳಿಹಾಕಿದರೆ ಅನ್ಯಾಯ. ಗಂಡಸರಿಗೆ ವಸ್ತುಗಳ ಜೊತೆಗಿನ ಕೆಲಸ, ಹೆಂಗಸರಿಗೆ ಜನರ ಜೊತೆಗಿನ ಕೆಲಸ ಹೆಚ್ಚು ಇಷ್ಟ ಎಂಬುದು ಆಸಕ್ತಿ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಐದು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಒಟ್ಟುಗೂಡಿಸಿದ 2009ರ ಅಧ್ಯಯನದಲ್ಲಿ ಈ ವ್ಯತ್ಯಾಸ ದೊಡ್ಡದಾಗಿಯೇ ಇತ್ತು.

2018ರಲ್ಲಿ ಗೈಸ್ಬರ್ಟ್ ಸ್ಟೂಟ್ ಮತ್ತು ಡೇವಿಡ್ ಗೀರಿ ಇದಕ್ಕೆ ಇನ್ನೊಂದು ತುಣುಕು ಸೇರಿಸಿದರು. ಗಂಡು–ಹೆಣ್ಣಿನ ಸಮಾನತೆ ಹೆಚ್ಚಿರುವ ದೇಶಗಳಲ್ಲೇ ವಿಜ್ಞಾನ, ತಂತ್ರಜ್ಞಾನದ ಪದವಿಗೆ ಹೋಗುವ ಹುಡುಗಿಯರು ಕಡಿಮೆ ಎಂದರು. ಅಲ್ಜೀರಿಯಾ, ಟುನೀಶಿಯಾ, ಮೊರಾಕೊಗಳಲ್ಲಿ ಇಂಜಿನಿಯರಿಂಗ್ ಪದವೀಧರರಲ್ಲಿ ಮಹಿಳೆಯರು ಶೇ. 40 ದಾಟಿದ್ದಾರೆ. ಅಮೆರಿಕ, ಕೆನಡಾಗಳಲ್ಲಿ ಸುಮಾರು ಶೇ. 20. ಜಪಾನಿನಲ್ಲಿ ಶೇ. 14. 'ಸ್ವಾತಂತ್ರ್ಯ ಕೊಟ್ಟರೆ ಅವರು ಆರಿಸುವುದೇ ಬೇರೆ' ಎಂಬ ವಾದಕ್ಕೆ ಇದಕ್ಕಿಂತ ಬಲ ಬೇಕೆ?

ಆದರೆ ಈ ವಾದದಲ್ಲಿ ಬಿರುಕುಗಳಿವೆ. ಹಾರ್ವರ್ಡಿನ ಸಾರಾ ರಿಚರ್ಡ್‌ಸನ್ ಮತ್ತು ಜೊತೆಗಾರರು ಅದೇ ಮಾಹಿತಿ ಹಿಡಿದು ಲೆಕ್ಕ ಹಾಕಿದಾಗ ಅದೇ ಉತ್ತರ ಬರಲಿಲ್ಲ. ಮೂಲ ಲೇಖಕರು ತಿದ್ದುಪಡಿ ಪ್ರಕಟಿಸಬೇಕಾಯಿತು. ಸಮಾನತೆಯನ್ನು ಅಳೆಯುವ ಬೇರೆ ಸೂಚ್ಯಂಕ ಬಳಸಿದರೆ ಆ ಸಂಬಂಧವೇ ತೆಳುವಾಗುತ್ತದೆ. ಜಪಾನನ್ನೇ ನೋಡಿ. ಸಮಾನತೆಯ ಪಟ್ಟಿಗಳಲ್ಲಿ ಅದು ಮೇಲಿರುವ ದೇಶವಲ್ಲ, ಇಂಜಿನಿಯರಿಂಗ್‌ನಲ್ಲೂ ಮೇಲಿಲ್ಲ. ಇನ್ನು ಬದುಕು ಭದ್ರವಿಲ್ಲದ ದೇಶದಲ್ಲಿ ತಾಂತ್ರಿಕ ಪದವಿ ಅಂದರೆ ಖಚಿತ ಸಂಬಳ. ಅಲ್ಲಿ ಮನೆಯವರೇ ಮುಂದೆ ತಳ್ಳುತ್ತಾರೆ. ಭಾರತದಲ್ಲಿ ವಿಜ್ಞಾನ, ತಂತ್ರಜ್ಞಾನ, ಗಣಿತದ ಪದವೀಧರರಲ್ಲಿ ಸುಮಾರು ಶೇ. 43 ಮಹಿಳೆಯರು. ಆದರೆ ಆ ಕ್ಷೇತ್ರಗಳ ಕೆಲಸದಲ್ಲಿ ಅವರ ಪಾಲು ಅಷ್ಟಿಲ್ಲ. ಅಂದರೆ ಓದಲು ಕಳಿಸುವ ಮನಸ್ಸು ಮತ್ತು ಕೆಲಸದಲ್ಲಿ ಉಳಿಯುವ ಅವಕಾಶ, ಎರಡೂ ಒಂದೇ ಅಲ್ಲ.

ಆಸಕ್ತಿಯಲ್ಲಿ ವ್ಯತ್ಯಾಸ ಇದೆ, ಸರಿ. ಅದು ಎಲ್ಲ ಕಾಲಕ್ಕೂ ಒಂದೇ ಥರ ಇರುತ್ತದೆಯೇ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಕಂಪ್ಯೂಟರಿನ ಚರಿತ್ರೆಯಲ್ಲಿದೆ.

## ಶೇ. 37ರಿಂದ 18ಕ್ಕೆ ಇಳಿದ ಕಥೆ

ಮೊದಮೊದಲು 'ಕಂಪ್ಯೂಟರ್' ಅಂದರೆ ಯಂತ್ರವಲ್ಲ, ಲೆಕ್ಕ ಹಾಕುವ ಮನುಷ್ಯರು. ಅವರಲ್ಲಿ ಬಹಳ ಮಂದಿ ಹೆಂಗಸರು. 1945ರಲ್ಲಿ ಅಮೆರಿಕದ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಆರಿಸಿದ್ದು ಆರು ಮಹಿಳೆಯರನ್ನು. ಯಂತ್ರ ಕಟ್ಟುವುದು ಗಂಡಸರ ಕೆಲಸ, ಅದಕ್ಕೆ ಸೂಚನೆ ಬರೆಯುವುದು ಗುಮಾಸ್ತೆಯ ಕೆಲಸ ಎಂಬ ಲೆಕ್ಕಾಚಾರವಿತ್ತು. ಗ್ರೇಸ್ ಹಾಪರ್ 1950ರ ದಶಕದ ಆರಂಭದಲ್ಲೇ ಕಂಪೈಲರ್, ಅಂದರೆ ಮನುಷ್ಯರು ಬರೆದ ಸೂಚನೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ ಬರೆದರು. ಚಂದ್ರನತ್ತ ಹೋದ ಅಪೊಲೊ ನೌಕೆಯ ಸಾಫ್ಟ್‌ವೇರ್ ತಂಡದ ಮುಖ್ಯಸ್ಥೆ ಮಾರ್ಗರೆಟ್ ಹ್ಯಾಮಿಲ್ಟನ್.

1984ರ ಹೊತ್ತಿಗೆ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಶೇ. 37 ಮಹಿಳೆಯರಿದ್ದರು. ಅಲ್ಲಿಂದ ಇಳಿಯಿತು. 2010ರ ಸುಮಾರಿಗೆ ಶೇ. 18. ಒಂದೇ ದೇಶ, ಒಂದೇ ವಿಷಯ. ಇಪ್ಪತ್ತೈದು ವರ್ಷಗಳಲ್ಲಿ ಹೆಣ್ಣಿನ ಹುಟ್ಟುಗುಣ ಅರ್ಧಕ್ಕೆ ಇಳಿಯುತ್ತದೆಯೇ? ಇಲ್ಲ. ಬದಲಾದದ್ದು ಬೇರೆ.

1980ರ ದಶಕದಲ್ಲಿ ಪರ್ಸನಲ್ ಕಂಪ್ಯೂಟರ್ ಮನೆಗೆ ಬಂತು. ಜಾಹೀರಾತುಗಳಲ್ಲಿ ಅದರ ಮುಂದೆ ಕೂತವನು ಹುಡುಗ. ಮನೆಯಲ್ಲಿ ಯಂತ್ರ ಇದ್ದದ್ದೂ ಹೆಚ್ಚಾಗಿ ಹುಡುಗನ ಕೋಣೆಯಲ್ಲೇ. ಅವನು ಆಡುತ್ತ ಆಡುತ್ತ ಪ್ರೋಗ್ರಾಂ ಬರೆಯುವುದನ್ನೂ ಕಲಿತ. ಕಾಲೇಜಿಗೆ ಬಂದಾಗ ಅವನಿಗೆ ಐದಾರು ವರ್ಷದ ಅನುಭವ. ಅಧ್ಯಾಪಕರು ಇಂಥವರ ವೇಗಕ್ಕೆ ಪಾಠ ಹೊಂದಿಸಿಕೊಂಡರು. ಅದೇ ತರಗತಿಯಲ್ಲಿ ಮೊದಲ ಸಲ ಕೀಲಿಮಣೆ ಮುಟ್ಟಿದ ಹುಡುಗಿಗೆ ಅನ್ನಿಸಿದ್ದು 'ನನಗೆ ಅನುಭವ ಇಲ್ಲ' ಎಂದಲ್ಲ, 'ನನಗೆ ತಲೆ ಇಲ್ಲ' ಎಂದು. ಗಣಿತದಲ್ಲಿ ಜಾಣೆಯಾಗಿದ್ದವಳೂ ಒಂದು ಸೆಮಿಸ್ಟರಿನಲ್ಲಿ ಕೋರ್ಸ್ ಬಿಟ್ಟಳು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಶರ್ 1990ರ ದಶಕದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಮಾತಾಡಿಸಿ ಇದನ್ನು ಪತ್ತೆಹಚ್ಚಿದರು. ಪ್ರವೇಶದಲ್ಲಿ ಹಳೆಯ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕವನ್ನು ವಿಶ್ವವಿದ್ಯಾಲಯ ತಗ್ಗಿಸಿತು. ಅನುಭವ ಇಲ್ಲದವರಿಗೆ ಬೇರೆ ಆರಂಭದ ಕೋರ್ಸ್ ತೆರೆಯಿತು. 1995ರಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸಿಗೆ ಸೇರಿದವರಲ್ಲಿ ಮಹಿಳೆಯರು ಶೇ. 7. 2000ದಲ್ಲಿ ಶೇ. 42.

ಒಂದೇ ಕಾಲೇಜಿನ ಅದೃಷ್ಟ ಅನ್ನೋಣವೇ? ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು 2006ರಿಂದ ಇಂಥದೇ ದಾರಿ ಹಿಡಿಯಿತು. ಅನುಭವ ಇರುವವರು ಮತ್ತು ಇಲ್ಲದವರನ್ನು ಬೇರೆ ಬೇರೆ ತರಗತಿಯಲ್ಲಿ ಕೂರಿಸಿತು. ಪ್ರೋಗ್ರಾಂ ಬರೆಯಲು ಜಾವಾ ಎಂಬ ಭಾಷೆ ಬಿಟ್ಟು, ಕಲಿಯಲು ಸುಲಭವಾದ ಪೈಥಾನ್ ಹಿಡಿಯಿತು. ತಮಗೆ ಎಷ್ಟು ಗೊತ್ತು ಎಂದು ತರಗತಿಯಲ್ಲಿ ಮೆರೆಯುವವರನ್ನು ಪಕ್ಕಕ್ಕೆ ಕರೆದು, ಈ ಮಾತು ಆಮೇಲೆ ನನ್ನ ಕೋಣೆಯಲ್ಲಿ ಆಡೋಣ ಎಂದು ಅಧ್ಯಾಪಕರು ನಯವಾಗಿ ಹೇಳತೊಡಗಿದರು. ಶೇ. 10ರ ಸುಮಾರಿನಲ್ಲಿದ್ದ ಮಹಿಳೆಯರ ಪಾಲು ಕೆಲವೇ ವರ್ಷಗಳಲ್ಲಿ ಶೇ. 40 ಆಯಿತು. 2016ರಲ್ಲಿ ಪದವಿ ಪಡೆದ ತಂಡದಲ್ಲಿ ಅರ್ಧಕ್ಕಿಂತ ಜಾಸ್ತಿ.

ಗಮನಿಸಿ, ಎರಡೂ ಕಡೆ ಪಠ್ಯವನ್ನು ಸಡಿಲ ಮಾಡಲಿಲ್ಲ. ಹುಡುಗಿಯರಿಗೆ ಧೈರ್ಯ ತುಂಬುವ ಶಿಬಿರದಿಂದ ಬಂದ ಫಲವೂ ಇದಲ್ಲ. ಬದಲಾದದ್ದು ಮೊದಲ ಸೆಮಿಸ್ಟರ್.

## ಲಿಪ್‌ಸ್ಟಿಕ್ ವೀಡಿಯೊ ಮತ್ತು ಒಂದು ಗಂಟೆಯ ಭೇಟಿ

ಹಾಗಾದರೆ ಪ್ರೋತ್ಸಾಹ ಅನ್ನುವುದೇ ದಂಡವೇ? ಅಲ್ಲ. ಕೆಟ್ಟ ಪ್ರೋತ್ಸಾಹ ದಂಡ.

2012ರಲ್ಲಿ ಯುರೋಪಿಯನ್ ಕಮಿಷನ್ ಹುಡುಗಿಯರನ್ನು ಸೆಳೆಯಲು ಒಂದು ವೀಡಿಯೊ ಮಾಡಿಸಿತು. ಹೈ ಹೀಲ್ಸ್, ಗುಲಾಬಿ ಬಣ್ಣ, ಸೌಂದರ್ಯವರ್ಧಕಗಳು, ಮಾಡೆಲ್‌ಗಳಂತೆ ಹೆಜ್ಜೆ ಹಾಕುವ ಹುಡುಗಿಯರು, ನೋಡುತ್ತಾ ನಿಂತ ಒಬ್ಬ ವಿಜ್ಞಾನಿ. ಶೀರ್ಷಿಕೆಯಲ್ಲಿದ್ದ ಒಂದು ಅಕ್ಷರದ ಜಾಗದಲ್ಲಿ ಲಿಪ್‌ಸ್ಟಿಕ್! ಮಹಿಳಾ ವಿಜ್ಞಾನಿಗಳೇ ಮೊದಲು ಸಿಟ್ಟಾದರು. ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ಇದರ ಎದುರಿಗೆ ಫ್ರಾನ್ಸಿನ ಇನ್ನೊಂದು ಪ್ರಯೋಗ ಇಡೋಣ. 2015–16ರಲ್ಲಿ ಪ್ಯಾರಿಸ್ ಸುತ್ತಲಿನ 98 ಪ್ರೌಢಶಾಲೆಗಳನ್ನು ಆರಿಸಿ, ಚೀಟಿ ಎತ್ತಿದಂತೆ ಕೆಲವು ತರಗತಿಗಳಿಗೆ ಮಾತ್ರ ಮಹಿಳಾ ವಿಜ್ಞಾನಿಯೊಬ್ಬರನ್ನು ಕಳಿಸಿದರು. ಒಂದೇ ಒಂದು ಗಂಟೆ ಮಾತು. ಕೊನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದ ಹುಡುಗಿಯರಲ್ಲಿ, ಕಠಿಣ ಪ್ರವೇಶದ ವಿಜ್ಞಾನ–ತಂತ್ರಜ್ಞಾನ ಕೋರ್ಸ್‌ಗಳಿಗೆ ಸೇರಿದವರ ಪಾಲು ಶೇ. 11ರಿಂದ 14.5ಕ್ಕೆ ಏರಿತು. ಒಂದು ಗಂಟೆಗೆ ಇದು ಕಡಿಮೆಯೇನಲ್ಲ. ಅದೇ ಶಾಲೆಗಳಲ್ಲಿ ಎರಡು ವರ್ಷ ಚಿಕ್ಕವರ ಆಯ್ಕೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ಇಲ್ಲಿ ಅಚ್ಚರಿಯ ಸಂಗತಿ ಇನ್ನೊಂದಿದೆ. ತಮ್ಮ ಕೆಲಸ ಏನು, ಅದರಲ್ಲಿ ಏನು ಸಿಗುತ್ತದೆ ಎಂದು ಹೇಳಿದ ವಿಜ್ಞಾನಿಗಳ ಮಾತು ಹೆಚ್ಚು ನಾಟಿತ್ತು. 'ಈ ಕ್ಷೇತ್ರದಲ್ಲಿ ನಾವು ಎಷ್ಟು ಕಡಿಮೆ ಗೊತ್ತಾ' ಎಂದು ಒತ್ತಿ ಹೇಳಿದವರ ಮಾತು ಅಷ್ಟು ನಾಟಲಿಲ್ಲ. ಯೋಚಿಸಿದರೆ ಕಾರಣ ಹೊಳೆಯುತ್ತದೆ. 'ಅಲ್ಲಿ ನಿನ್ನಂಥವರು ಯಾರೂ ಇಲ್ಲ, ಬಾ' ಅಂದರೆ ಯಾರು ತಾನೇ ಹೋಗುತ್ತಾರೆ? ಫೆಬ್ರವರಿ 11ರ ಬಹುಪಾಲು ಪೋಸ್ಟರ್‌ಗಳು ಮಾಡುವ ತಪ್ಪು ಇದೇ.

ಅಮೆರಿಕದ ವಾಯುಪಡೆ ಅಕಾಡೆಮಿಯ ಮಾಹಿತಿ ಇದಕ್ಕಿಂತ ಗಟ್ಟಿ. ಅಲ್ಲಿ ಕಡ್ಡಾಯ ವಿಷಯಗಳಿಗೆ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕರು ಎಂಬುದನ್ನು ಆರಿಸಿಕೊಳ್ಳುವ ಹಾಗಿಲ್ಲ. ಎಲ್ಲರಿಗೂ ಒಂದೇ ಪಠ್ಯ, ಒಂದೇ ಪರೀಕ್ಷೆ. ಗಣಿತ, ವಿಜ್ಞಾನದ ಆರಂಭದ ಪಾಠವನ್ನು ಮಹಿಳೆಯೊಬ್ಬರು ಮಾಡಿದ್ದರೆ ಹುಡುಗಿಯರ ಅಂಕವೂ ಏರಿತ್ತು, ಅದೇ ವಿಷಯದಲ್ಲಿ ಪದವಿ ಮಾಡುವ ಸಾಧ್ಯತೆಯೂ ಏರಿತ್ತು. ಗಣಿತದಲ್ಲಿ ತುಂಬಾ ಜಾಣರಾಗಿದ್ದ ಹುಡುಗಿಯರಲ್ಲಿ ಪರಿಣಾಮ ಎಲ್ಲಕ್ಕಿಂತ ಹೆಚ್ಚು. ಹುಡುಗರ ಮೇಲೆ ಅಧ್ಯಾಪಕರು ಗಂಡೋ ಹೆಣ್ಣೋ ಎಂಬುದು ಹೆಚ್ಚುಕಮ್ಮಿ ಯಾವ ಪರಿಣಾಮವನ್ನೂ ಬೀರಿರಲಿಲ್ಲ.

## ಸೀಟು ಕಾಯ್ದಿರಿಸಿದರೆ?

ಇದು ಜಗಳ ಹೆಚ್ಚಿರುವ ಜಾಗ. ನೆದರ್ಲೆಂಡ್ಸಿನ ಐಂಡ್‌ಹೋವೆನ್ ತಾಂತ್ರಿಕ ವಿಶ್ವವಿದ್ಯಾಲಯ 2019ರಲ್ಲಿ, ಖಾಲಿಯಾಗುವ ಕಾಯಂ ಅಧ್ಯಾಪಕ ಹುದ್ದೆಗಳಿಗೆ ಮೊದಲ ಆರು ತಿಂಗಳು ಮಹಿಳೆಯರಿಂದ ಮಾತ್ರ ಅರ್ಜಿ ತೆಗೆದುಕೊಳ್ಳುವುದಾಗಿ ಹೇಳಿತು. ಮರುವರ್ಷ ಆ ದೇಶದ ಮಾನವ ಹಕ್ಕುಗಳ ಸಂಸ್ಥೆ ಇದು ಅತಿಯಾಯಿತು ಎಂದಿತು. ಆಮೇಲೆ ಯೋಜನೆಯನ್ನು ಸಡಿಲಗೊಳಿಸಿ ಮುಂದುವರಿಸಿದರು.

ಭಾರತದ ಐಐಟಿಗಳು 2018ರಲ್ಲಿ ಬೇರೆ ಉಪಾಯ ಮಾಡಿದವು. ಇರುವ ಸೀಟುಗಳಲ್ಲಿ ಪಾಲು ಕೇಳದೆ, ಹುಡುಗಿಯರಿಗಾಗಿ ಹೆಚ್ಚುವರಿ ಸೀಟು ಸೃಷ್ಟಿಸಿದವು. ಶೇ. 10 ಕೂಡ ಇಲ್ಲದಿದ್ದ ಪಾಲು ಮೂರೇ ವರ್ಷಗಳಲ್ಲಿ ಶೇ. 20ರ ಹತ್ತಿರ ಬಂತು. ಯಾರ ಸೀಟೂ ಹೋಗಲಿಲ್ಲವಾದ್ದರಿಂದ ಗದ್ದಲವೂ ಕಡಿಮೆ. ಇಂಥ ಕ್ರಮ ಬಾಗಿಲಲ್ಲಿ ಎಣಿಕೆಯನ್ನು ಬೇಗ ಬದಲಿಸುತ್ತದೆ. ಒಳಗೆ ಹೋದ ಮೇಲಿನ ಮಾತು ಬೇರೆ.

## ಸೇರಿದ ಮೇಲೆ

2012ರಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದು ಅರ್ಜಿ ಕಳಿಸಿದರು. ಅರ್ಧ ಜನಕ್ಕೆ ಹೋದ ಪ್ರತಿಯಲ್ಲಿ ಹೆಸರು ಜಾನ್. ಉಳಿದರ್ಧಕ್ಕೆ ಜೆನ್ನಿಫರ್. ಬೇರೆಲ್ಲ ಅಕ್ಷರ ಅಕ್ಷರವೂ ಒಂದೇ. ಜಾನ್‌ಗೆ ಸರಾಸರಿ 30,238 ಡಾಲರ್ ಸಂಬಳ ಕೊಡಬಹುದು ಎಂದರು, ಜೆನ್ನಿಫರ್‌ಗೆ 26,508. ಮಹಿಳಾ ಪ್ರಾಧ್ಯಾಪಕರೂ ಹೀಗೇ ಮಾಡಿದ್ದರು.

ಮೂರು ವರ್ಷದ ನಂತರ ವೆಂಡಿ ವಿಲಿಯಮ್ಸ್ ಮತ್ತು ಸ್ಟೀಫನ್ ಸಿಸಿ ಇಂಥದೇ ಇನ್ನೊಂದು ಪ್ರಯೋಗ ಮಾಡಿದರು. ಈ ಸಲ ಸಹಾಯಕ ಪ್ರಾಧ್ಯಾಪಕ ಹುದ್ದೆ. ಉತ್ತರ ತಿರುಗುಮುರುಗು. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದಾಗ ಮಹಿಳೆಯ ಕಡೆಗೆ ಎರಡಕ್ಕೆ ಒಂದರಷ್ಟು ಒಲವು. ಎರಡೂ ಕಡೆಯವರು ತಮಗೆ ಬೇಕಾದ ಅಧ್ಯಯನವನ್ನಷ್ಟೇ ಉದಾಹರಿಸುತ್ತಾರೆ. ಆದರೆ ಎರಡೂ ನಿಜವಾಗಿರಬಹುದು. ಜೆನ್ನಿಫರ್ ಈಗಷ್ಟೇ ಪದವಿ ಮುಗಿಸಿದವಳು, ಸಾಧನೆ ಮಧ್ಯಮ. ಎರಡನೆಯದರಲ್ಲಿದ್ದವರು ಅತ್ಯುತ್ತಮ ದಾಖಲೆಯವರು. ಸಾಧನೆ ಕಣ್ಣಿಗೆ ಹೊಡೆಯುವಂತಿದ್ದರೆ ಅನುಮಾನಕ್ಕೆ ಜಾಗವಿಲ್ಲ. ಮಾಹಿತಿ ಕಡಿಮೆ ಇದ್ದಾಗ ಹಳೆಯ ಊಹೆ ಕೆಲಸ ಮಾಡುತ್ತದೆ. ಎಲ್ಲರೂ ವೃತ್ತಿ ಶುರುಮಾಡುವುದು ಜೆನ್ನಿಫರ್‌ಳ ಸ್ಥಿತಿಯಲ್ಲೇ ಎಂಬುದೇ ತೊಡಕು.

ದೊಡ್ಡ ಸೋರಿಕೆ ಆಗುವುದು ಆಮೇಲೆ. ಅಮೆರಿಕದ ಮಾಹಿತಿ ಆಧರಿಸಿದ 2019ರ ಅಧ್ಯಯನದ ಪ್ರಕಾರ, ಮೊದಲ ಮಗುವಾದ ಕೆಲವು ವರ್ಷಗಳಲ್ಲಿ ಶೇ. 43 ತಾಯಂದಿರು ವಿಜ್ಞಾನ–ತಂತ್ರಜ್ಞಾನದ ಪೂರ್ಣಾವಧಿ ಕೆಲಸ ಬಿಡುತ್ತಾರೆ. ತಂದೆಯರಲ್ಲೂ ಶೇ. 23 ಬಿಡುತ್ತಾರೆ. ಆ ಎರಡನೇ ಅಂಕಿಯನ್ನು ಜನ ಮರೆತುಬಿಡುತ್ತಾರೆ. ನಾಲ್ವರಲ್ಲಿ ಒಬ್ಬ ಅಪ್ಪನೂ ನಿಭಾಯಿಸಲಾಗದೆ ಹೊರಟರೆ, ಪ್ರಶ್ನೆ ಕೆಲಸದ ಸ್ವರೂಪದ್ದು. ಯಾವಾಗ ಕರೆದರೂ ಬರುವವರಿಗೇ ಸಂಬಳ ಹೆಚ್ಚು ಕೊಡುವ ಇಂಥ ಉದ್ಯೋಗಗಳನ್ನು 2023ರ ಅರ್ಥಶಾಸ್ತ್ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ 'ದುರಾಸೆಯ ಕೆಲಸ' ಎಂದು ಕರೆಯುತ್ತಾರೆ.

ಸಂಶೋಧನೆಯಲ್ಲಿ ಇದು ಇನ್ನೂ ಬಿಗಿ. ಪಿಎಚ್‌ಡಿ, ಆಮೇಲೆ ವರ್ಷಕ್ಕೊಂದು ಒಪ್ಪಂದ, ಕಾಯಂ ಹುದ್ದೆ ಸಿಗುವ ಹೊತ್ತಿಗೆ ಮೂವತ್ತೈದರ ಆಸುಪಾಸು. ಮಕ್ಕಳಾಗುವ ವಯಸ್ಸೂ ಅದೇ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಇದನ್ನು ಕಂಡುಕೊಂಡು, ಪಿಎಚ್‌ಡಿ ಆದ ಇಷ್ಟು ವರ್ಷದೊಳಗೆ ಅನುದಾನಕ್ಕೆ ಅರ್ಜಿ ಹಾಕಬೇಕೆಂಬ ಗಡುವನ್ನು ತಾಯಂದಿರಿಗೆ ಒಂದೊಂದು ಮಗುವಿಗೆ 18 ತಿಂಗಳಂತೆ ವಿಸ್ತರಿಸುತ್ತದೆ. ನಿಯಮದಲ್ಲಿ ಒಂದು ಸಾಲು, ಅಷ್ಟೇ. ನೂರು ಭಾಷಣಕ್ಕಿಂತ ಇಂಥ ಒಂದು ಸಾಲು ಜಾಸ್ತಿ ಕೆಲಸ ಮಾಡುತ್ತದೆ.

## ಮುಂದೆ ಏನಾಗಬಹುದು

ಮುಚ್ಚಿದ ಸಂಸ್ಥೆಗಳ, ನಿಂತ ಅನುದಾನಗಳ ಪರಿಣಾಮ ನಾಳೆಯೇ ಕಾಣುವುದಿಲ್ಲ. ಈಗ ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಓದಿ ಮುಗಿಸುತ್ತಾರೆ. ಮೂರ್ನಾಲ್ಕು ವರ್ಷ ಅಂಕಿ ಹಾಗೇ ಇರುತ್ತದೆ. ಆಗ 'ನೋಡಿ, ನಿಲ್ಲಿಸಿದರೂ ಏನೂ ಆಗಲಿಲ್ಲ' ಎನ್ನುವವರು ಬರುತ್ತಾರೆ. ಪದವಿಯ ಅಂಕಿ ಯಾವತ್ತೂ ಹಳೆಯ ನಿರ್ಧಾರಗಳ ಫಲ. ಆರನೇ ವಯಸ್ಸಿನಲ್ಲಿ ಬಿದ್ದ ಗೆರೆ ಪದವಿ ಪಟ್ಟಿಯಲ್ಲಿ ಕಾಣಲು ಹದಿನೈದು ವರ್ಷ ಬೇಕು. ನಿಂತದ್ದರಲ್ಲಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳೂ ಇರಬಹುದು. ಅವು ಹೋದರೆ ನಷ್ಟವಿಲ್ಲ. ಆದರೆ ಅನುದಾನ ಕತ್ತರಿಸುವಾಗ ಪೋಸ್ಟರ್ ಮಾಡಿಸಿದವರನ್ನೂ ಮೊದಲ ಸೆಮಿಸ್ಟರ್ ಸರಿಪಡಿಸುತ್ತಿದ್ದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಫಲ ಕೊಡುತ್ತಿದ್ದದ್ದೂ ಕಸದ ಜೊತೆ ಹೋಗುತ್ತದೆ.

ಇದರ ಬೆಲೆ ಹುಡುಗಿಯರಷ್ಟೇ ತೆರುವುದಲ್ಲ. ಕಾರು ಡಿಕ್ಕಿ ಪರೀಕ್ಷೆಗಳಲ್ಲಿ ದಶಕಗಳ ಕಾಲ ಗಂಡಸಿನ ಅಳತೆಯ ಬೊಂಬೆಯನ್ನೇ ಕೂರಿಸಿದ್ದರು. ಅಮೆರಿಕದ 2011ರ ಅಧ್ಯಯನವೊಂದರಲ್ಲಿ, ಬೆಲ್ಟ್ ಹಾಕಿಕೊಂಡಿದ್ದ ಚಾಲಕರಲ್ಲೂ ಮಹಿಳೆಯರಿಗೆ ತೀವ್ರ ಗಾಯವಾಗುವ ಸಂಭವ ಶೇ. 47 ಹೆಚ್ಚು ಎಂದು ಕಂಡಿತ್ತು. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ. 1ಕ್ಕಿಂತ ಕಡಿಮೆ, ಕಪ್ಪು ಮಹಿಳೆಯರ ವಿಷಯದಲ್ಲಿ ಶೇ. 34.7ರವರೆಗೆ. 2019ರ ಮಾರ್ಚ್‌ನಲ್ಲಿ ಇಬ್ಬರು ಮಹಿಳೆಯರ ಬಾಹ್ಯಾಕಾಶ ನಡಿಗೆಯನ್ನು ನಾಸಾ ಕೊನೇ ಗಳಿಗೆಯಲ್ಲಿ ಬದಲಿಸಬೇಕಾಯಿತು. ನಿಲ್ದಾಣದಲ್ಲಿ ಅವರಿಬ್ಬರಿಗೂ ಬೇಕಿದ್ದ ಮಧ್ಯಮ ಅಳತೆಯ ಬಾಹ್ಯಾಕಾಶ ಉಡುಪು ಸಿದ್ಧವಾಗಿದ್ದದ್ದು ಒಂದೇ! ಅಕ್ಟೋಬರ್‌ನಲ್ಲಿ ಕ್ರಿಸ್ಟಿನಾ ಕೋಕ್ ಮತ್ತು ಜೆಸ್ಸಿಕಾ ಮೀರ್ ಅಂಥ ನಡಿಗೆ ಮಾಡಿದರು. ಇವು ಯಾರೋ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅಳತೆ ತೆಗೆಯುವಾಗ 'ನಮಗೆ?' ಎಂದು ಕೇಳುವವರು ಕೋಣೆಯಲ್ಲಿರಲಿಲ್ಲ.

ಈಗ ಎಲ್ಲರ ಕಣ್ಣು ಮತ್ತೆ ಫ್ರಾನ್ಸ್ ಮೇಲಿದೆ. ಅಲ್ಲಿನ ಸರ್ಕಾರ 2025ರಲ್ಲಿ 'ಹುಡುಗಿಯರು ಮತ್ತು ಗಣಿತ' ಎಂಬ ಯೋಜನೆ ಪ್ರಕಟಿಸಿತು. ಚಿಕ್ಕ ತರಗತಿಗಳಿಂದಲೇ ಶಿಕ್ಷಕರಿಗೆ ತರಬೇತಿ, ಉನ್ನತ ವಿಜ್ಞಾನ ಕಾಲೇಜುಗಳಿಗೆ ಸಿದ್ಧಪಡಿಸುವ ತರಗತಿಗಳಲ್ಲಿ 2030ರ ಹೊತ್ತಿಗೆ ಕನಿಷ್ಠ ಶೇ. 30 ಹುಡುಗಿಯರು ಇರಬೇಕೆಂಬ ಗುರಿ. 2018ರಲ್ಲಿ ಆರನೇ ವಯಸ್ಸಿಗೆ ಶಾಲೆಗೆ ಕಾಲಿಟ್ಟು, ನಾಲ್ಕು ತಿಂಗಳ ಅಂತರದಲ್ಲಿ ಎರಡು ಸಲ ಲೆಕ್ಕದ ಪರೀಕ್ಷೆ ಬರೆದ ಆ ಮಕ್ಕಳು ಶಾಲೆ ಮುಗಿಸಿ ಅದೇ ತರಗತಿಗಳ ಬಾಗಿಲಿಗೆ ಬರುವುದೂ 2030ರಲ್ಲೇ.